ಅಡ್ರೆಸ್ ಕೊಟ್ಟೋನು

"ಒತ್ತೇ, ಮುಂಡೆ! ಹೆಬ್ಬೆಟ್ಟು ಒತ್ತಕ್ಕೂ ಮುಹೂರ್ತ ನೋಡ್ಬೇಕಾ ನಿಂಗೆ?"

ಮ್ಯಾನೇಜರ್ ಗೌರೀಶ್ ಸಪ್ಪಲಮ್ಮನ ಕೈ ಹಿಡಿದೆಳೆದು ಶಾಯಿ ಪ್ಯಾಡಿಗೆ ಅದುಮಿದ. ಅವಳು ಅವನಿಗಿಂತ ಇಪ್ಪತ್ತು ವರ್ಷ ದೊಡ್ಡವಳು. ಮಲ್ಲೇಶ್ವರದ ಆ ಜಿಮ್ಮಿನಲ್ಲಿ ಆರು ವರ್ಷದಿಂದ ಕಂಡವರ ಬೆವರು ಒರೆಸುತ್ತಿದ್ದಳು.

"ಏನ್ ಬರ್ದಿದೀರ ಸಾರ್ ಈ ಕಾಗ್ದದಲ್ಲಿ?"

"ಮೆಂಬರ್‌ಗಳ ಫೋನ್ ನಂಬರು, ಅಡ್ರೆಸ್ಸು ಕದ್ದು ಮಾರ್ದೆ ಅಂತ. ಒತ್ಬಿಟ್ಟು ಕೆಲ್ಸ ಬಿಟ್ಟು ನಡಿ. ಪೊಲೀಸ್‌ಗೆ ಕೊಡಲ್ಲ."

"ಒಂದಕ್ಷರ ಓದಕ್ ಬರಲ್ಲ ನಂಗೆ. ಏನಂತ ಕದೀಲಿ ಸಾರ್?"

"ಓದಕ್ ಬರ್ದಿದ್ರೇನು? ನಿಮ್ ಜನಕ್ಕೆ ಕದಿಯೋದ್ ಯಾರಾದ್ರೂ ಹೇಳ್ಕೊಡ್ಬೇಕಾ?"

ನಾಲ್ಕು ದಿನದಿಂದ ಯಾರೋ ಒಬ್ಬ, ಜಿಮ್ಮಿನ ಮೆಂಬರ್ ಗಗನಾಳ ಕುಮಾರ ಪಾರ್ಕ್ ಮನೆಯೆದುರು ಬೈಕ್ ನಿಲ್ಲಿಸಿಕೊಂಡು ಕೂರುತ್ತಿದ್ದ. ಫೋನ್ ಮಾಡಿ, ಬೆನ್ನಿನ ಆಪರೇಷನ್ ಗಾಯ ಮಾಯಿತಾ ಎಂದು ಕೇಳಿದ್ದ. ಆ ಆಪರೇಷನ್ ವಿಷಯ ಅವಳು ಬರೆದುಕೊಟ್ಟಿದ್ದು ಜಿಮ್ಮಿನ ಫಾರಂನಲ್ಲಿ ಮಾತ್ರ. 'ನಿಮ್ಮ ಮಾಹಿತಿ ನಮ್ಮಲ್ಲಿ ಭದ್ರ' ಎಂದು ಅದರ ತಲೆಯಲ್ಲೇ ಅಚ್ಚಾಗಿತ್ತು. ಉತ್ತರ ಸಿಗದೆ ಏಳುವುದಿಲ್ಲವೆಂದು ಗಗನಾ ಗೌರೀಶನ ಕೋಣೆಯ ಹೊರಗೆ ಕೂತಿದ್ದಳು. ಗೌರೀಶನಿಗೆ ತುರ್ತಾಗಿ ಒಬ್ಬ ಕಳ್ಳ ಬೇಕಾಗಿತ್ತು.

ಕಳ್ಳ ಯಾರೆಂದು ಸಪ್ಪಲಮ್ಮನಿಗೆ ಗೊತ್ತಿತ್ತು. ಹಿಂದಿನ ವಾರ ಅವಳು ಕನ್ನಡಿ ಒರೆಸುವಾಗ ಗೌರೀಶ್ ತನ್ನ ಗೆಳೆಯ ನಿಶಾಂತನನ್ನು ಕಂಪ್ಯೂಟರ್ ಮುಂದೆ ಕೂರಿಸಿಕೊಂಡಿದ್ದ. "ಯಾರ್ದು ಬೇಕು ಹೇಳು ಮಗಾ, ಎಲ್ಲಾ ಹುಡ್ಗೀರ್ದೂ ಇದೆ" ಎಂದು ನಕ್ಕಿದ್ದ. ಪರದೆಯ ಮೇಲೆ ಗಗನಾಳ ಮುಖ, ಪಕ್ಕದಲ್ಲಿ ಅವಳ ಫಾರಂ. ನಿಶಾಂತ್ ಫೋನಿನಲ್ಲಿ ಅದರ ಫೋಟೋ ಹೊಡೆದುಕೊಂಡ. ಗುಡಿಸುವವಳು ಅಲ್ಲೇ ಇದ್ದಾಳೆಂದು ಇಬ್ಬರಿಗೂ ಅನಿಸಿರಲಿಲ್ಲ. ಅವಳೂ ಬಾಯಿ ಬಿಟ್ಟಿರಲಿಲ್ಲ. ದೊಡ್ಡವರ ಉಸಾಬರಿ ತನಗೇಕೆಂದು ಬಕೆಟ್ ಎತ್ತಿಕೊಂಡು ಹೋಗಿದ್ದಳು.

ಈಗ ಕೈ ಕಿತ್ತುಕೊಂಡು, ಬಾಗಿಲು ತಳ್ಳಿ ಹೊರಗೆ ಬಂದಳು. ಹದಿನೈದಿಪ್ಪತ್ತು ಜನ ಓಡುತ್ತಿದ್ದರು, ಭಾರ ಎತ್ತುತ್ತಿದ್ದರು.

"ಗಗನಮ್ಮಾ, ನಿಮ್ ಅಡ್ರೆಸ್ ಕೊಟ್ಟೋನು ಇವ್ನೇ! ಇವ್ನ ಫ್ರೆಂಡು ನಿಶಾಂತಂಗೆ ಕೊಟ್ಟ, ನಾನೇ ಕಣ್ಣಾರೆ ನೋಡ್ದೆ. ಅವತ್ತೇ ಹೇಳ್ಬೇಕಿತ್ತು. ತಪ್ಪಾಯ್ತು ತಾಯಿ."

"ಕುಡ್ದಿದಾಳೆ ಮೇಡಂ, ನಂಬ್ಬೇಡಿ" ಎನ್ನುತ್ತ ಓಡಿಬಂದ ಗೌರೀಶ್, ಅವಳ ರಟ್ಟೆ ಹಿಡಿದು ಕಿವಿಯಲ್ಲಿ ಪಿಸುಗುಟ್ಟಿದ: "ನಿನ್ ಆಧಾರ್ ನನ್ ಹತ್ರ ಇದೆ. ಮನೆ ಎಲ್ಲಿ, ಮಗ್ಳು ಎಷ್ಟೊತ್ತಿಗೆ ಕಾಲೇಜಿಂದ ಬರ್ತಾಳೆ, ಎಲ್ಲಾ ಗೊತ್ತು."

ಸಪ್ಪಲಮ್ಮ ರಟ್ಟೆ ಬಿಡಿಸಿಕೊಂಡಳು. ಮಗಳ ಮುಖ ಕಣ್ಣ ಮುಂದೆ ಬಂತು. ಆಮೇಲೆ ಇಡೀ ಜಿಮ್ಮಿಗೆ ಕೇಳುವ ಹಾಗೆ ಕೂಗಿದಳು.

"ಶ್ರೀರಾಂಪುರ! ನೀರಿನ ಟ್ಯಾಂಕ್ ಹಿಂದ್ಗಡೆ ಮೂರನೇ ಮನೆ! ಬಾರೋ ಬೋಳಿಮಗ್ನೆ, ಯಾವತ್ ಬರ್ತೀಯ ಬಾ! ಎಲ್ರೂ ಕೇಳಿಸ್ಕೊಳ್ಳಿ, ನನ್ ಮಗ್ಳು ತೇಜಸ್ವಿನಿಗೆ ಏನಾದ್ರೂ ಆದ್ರೆ ಇವ್ನೇ ಕಾರಣ!"

ಒಂದಿಬ್ಬರು ಯಂತ್ರ ನಿಲ್ಲಿಸಿ ನೋಡಿದರು. ಉಳಿದವರು ಓಡುತ್ತಲೇ ಇದ್ದರು. ಗಗನಾ ಎದ್ದು ಬಂದಳು.

"ಸ್ಟೇಷನ್ನಿಗೆ ಬಂದು ಇದನ್ನೇ ಹೇಳ್ತೀರಾ?"

"ಹೇಳ್ತೀನಿ, ನಡೀರಿ."

ಸ್ಟೇಷನ್ನಿನಲ್ಲಿ ಗಗನಾಳಿಗೆ ಕುರ್ಚಿ ಹಾಕಿದರು. ಸಪ್ಪಲಮ್ಮನನ್ನು ಗೋಡೆ ಪಕ್ಕ ನಿಲ್ಲಿಸಿದರು. ದೂರು ಬರೆಯುವ ಪೇದೆ ತಲೆಯೆತ್ತದೆ ಅವಳನ್ನೇ ಮೊದಲು ಕೇಳಿದ: "ಹಿಂದೆ ಯಾವ್ದಾದ್ರೂ ಕಳ್ತನದ ಕೇಸಿದೆಯೇನೇ ನಿನ್ ಮೇಲೆ?"

ಸಪ್ಪಲಮ್ಮ ಮೂಲೆಯಲ್ಲಿದ್ದ ಇನ್ನೊಂದು ಕುರ್ಚಿಯನ್ನು ದರದರ ಎಳೆದು ತಂದು, ಅವನ ಮೇಜಿನೆದುರು ಹಾಕಿಕೊಂಡು ಕೂತಳು.

"ಸಾಕ್ಷಿ ಸಪ್ಪಲಮ್ಮ ಅಂತ ಬರ್ಕೊಳ್ಳಿ ಸಾರ್."

ಪೇದೆ ಬರೆಯದೆ ಪೆನ್ನು ಕೆಳಗಿಟ್ಟ. ಅವಳು ಕುರ್ಚಿ ಬಿಟ್ಟು ಏಳಲಿಲ್ಲ.