ವಾಹಿದ್ ಸಾಹೇಬರ ಕಲಾಯಿ

ಯಾರ ಮನೆಗೆ ಊಟಕ್ಕೆ ಹೋಗಲಿ, ಒಲೆಯ ಮೇಲಿನ ಪಾತ್ರೆಯ ಹೊಟ್ಟೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ತಲೆ ವಾರೆ ಮಾಡಿ ಅದರ ನಾದವನ್ನು ಕೇಳಿಸಿಕೊಳ್ಳದೆ ವಾಹಿದ್ ಸಾಹೇಬರು ತಟ್ಟೆಯ ಮುಂದೆ ಕೂತವರೇ ಅಲ್ಲ. ಮೈಸೂರಿನಲ್ಲಿ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರ ಮಗ. ಕಡಲಾಚೆಯ ಮಾರ್ಗನ್ ಹಿಲ್ಲಿನಲ್ಲಿ ತಲೆ ನರೆತರೂ ಆ ಕಿವಿ ಅವರನ್ನು ಬಿಡಲಿಲ್ಲ. ಹೆಂಡತಿ ಬಿಲ್ಕೀಸಮ್ಮನಿಗೆ ಅದೊಂದು ನಾಚಿಕೆಯ ಸಂಗತಿಯಾಗಿತ್ತು.

ರಿಟೈರ್ ಆದ ಮೇಲೆ ಹಿಡಿದ ಹುಚ್ಚು ಇನ್ನೂ ದೊಡ್ಡದು. ಬಂದೂಕು ಹಿಡಿದು ಗುರಿ ಹೊಡೆಯಲು ಹೋಗುವವರಿಗೆ ಗುಂಡು ಅಂಗಡಿಯಲ್ಲಿ ಸಿಗುವುದಿಲ್ಲವೇ? ಇವರಿಗೆ ತಾವೇ ಸೀಸ ಕರಗಿಸಿ ಅಚ್ಚಿಗೆ ಹೊಯ್ಯಬೇಕು! ಕರಗಿಸುವ ಪಾತ್ರೆಯ ಆಯ್ಕೆಯೋ, ಮಗಳಿಗೆ ಗಂಡು ನೋಡಿದಾಗಲೂ ಅಷ್ಟು ಸೋಸಿರಲಿಲ್ಲ. ಕೊನೆಗೆ ತಳದಲ್ಲಿ ತೂತಿದ್ದು, ಹಿಡಿ ಎತ್ತಿದರೆ ಸಣ್ಣ ಧಾರೆಯಾಗಿ ಸೀಸ ಸುರಿಯುವ ಕರೆಂಟಿನ ಪಾತ್ರೆಯೊಂದನ್ನು ಮೆಚ್ಚಿದರು. ಗರಾಜಿನ ಬಾಗಿಲು ಹಾರುಹೊಡೆದಿರಬೇಕು, ಹತ್ತಿರ ನೀರಿನ ಲೋಟವೂ ಸುಳಿಯಬಾರದು. "ಒಂದು ಹನಿ ಬಿತ್ತೋ, ಸೀಸ ಮುಖಕ್ಕೇ ಹಾರುತ್ತೆ ಕಣೇ" ಎನ್ನುವರು. ಕಿಡಿ ತಾಗಿ ತೂತುಬಿದ್ದ ಖಾಕಿ ಕೋಟು ಗರಾಜಿನ ಮೊಳೆಯಲ್ಲೇ ಜೋತಿರುತ್ತಿತ್ತು, ಹೊಸ್ತಿಲು ದಾಟುತ್ತಿರಲಿಲ್ಲ. ಇಷ್ಟು ಜಾಗ್ರತೆಯ ಮನುಷ್ಯನನ್ನು ನಂಬದೆ ಇನ್ನಾರನ್ನು ನಂಬಬೇಕು?

ಮಗಳು ಲುಬ್ನಾ ಸನ್ನಿವೇಲಿನ ಆಫೀಸಿಗೆ ಹೋಗುವಾಗ ಎರಡು ವರ್ಷದ ರಮ್ಶಾಳನ್ನು ಇವರಲ್ಲಿಯೇ ಬಿಡುತ್ತಿದ್ದಳು. ಆ ವಾರ ಮಗುವಿನ ಮಾಮೂಲಿ ರಕ್ತಪರೀಕ್ಷೆಯಲ್ಲಿ ಸೀಸ ಕಂಡಿತು. ಖಚಿತಪಡಿಸಿಕೊಳ್ಳಲು ಇನ್ನೊಮ್ಮೆ ರಕ್ತ ತೆಗೆದರು. ಅಲ್ಲಿಂದ ಬಿಲ್ಕೀಸಮ್ಮ ಮನೆಯ ಒಂದೊಂದು ವಸ್ತುವನ್ನೂ ಅನುಮಾನಿಸತೊಡಗಿದರು. ಗೋಡೆಯ ಬಣ್ಣವೇ, ಗೊಂಬೆಯೇ, ಊರಿಂದ ತಂದ ಅರಿಶಿನವೇ? ನೆಲವನ್ನು ಒರೆಸಿದ್ದೇ ಒರೆಸಿದ್ದು. ಗಂಡನ ಕೋಟನ್ನು ದೂರದಿಂದಲೇ ದುರುದುರು ನೋಡಿದರು. ಹೊಸ್ತಿಲು ದಾಟದ ಕೋಟು ಏನು ಮಾಡೀತು!

ಮಗುವಿಗೆಂದು ಬಿಲ್ಕೀಸಮ್ಮ ಟೊಮೇಟೊ ಸಾರು ಕುದಿಸಲು ಮಾವನ ಕಾಲದ ತಾಮ್ರದ ದೇಗ್ಚಿಯನ್ನು ಒಲೆಗಿಟ್ಟಾಗ ವಾಹಿದ್ ಸಾಹೇಬರು ಅದನ್ನು ತಟ್ಟಲಿಲ್ಲ. ಕೈ ಚಾಚಿ ಒಲೆ ಆರಿಸಿದರು.

"ಯಾಕ್ರೀ?"

"ಆ ಕರೆಂಟಿನ ಪಾತ್ರೆ ಬರೋದು ತಡವಾಯ್ತು. ತಡೆಯಕ್ಕಾಗದೆ ಮೊದಲನೇ ಸಲ ಇದರಲ್ಲೇ ಸೀಸ ಕರಗಿಸಿದ್ದೆ."

"ಅಯ್ಯೋ ಅಲ್ಲಾ! ಆಮೇಲೆ?"

"ಉಜ್ಜಿ, ನವಸಾಗರ ಹಾಕಿ, ತವರ ಬಳಿದು ಹೊಸ ಕಲಾಯಿ ಮಾಡಿಟ್ಟೆ. ಕಲಾಯಿ ಬಿದ್ದ ಮೇಲೆ ಪಾತ್ರೆಗೆ ಇನ್ನೊಂದು ಜನ್ಮ ಅಂತಿದ್ರು ಅಬ್ಬಾಜಾನ್. ಉಳಿದ ಸೀಸ ಆ ತವರದಲ್ಲೇ ಬೆರೆತು, ಹುಳಿಗೆ ಬಿಡ್ತಿರಬೇಕು."

ಆ ಬೆಳ್ಳಿಯಂಥ ಹೊಳಪನ್ನು ನೋಡಿ ತಾನೇ ಹಿಗ್ಗಿದ್ದು, ಅದರಲ್ಲೇ ಬೇಯಿಸಿ ಮಗುವಿಗೆ ತುತ್ತು ಮಾಡಿ ಉಣಿಸಿದ್ದು ಬಿಲ್ಕೀಸಮ್ಮನಿಗೆ ನೆನಪಾಯಿತು.

ಮಧ್ಯಾಹ್ನ ಲುಬ್ನಾ ಫೋನು ಮಾಡಿದಳು. ಸೀಸ ಇರುವುದು ನಿಜ. ಔಷಧಿ ಬೇಕಾಗುವಷ್ಟಿಲ್ಲ, ಮೂಲ ಹುಡುಕಿ ತೆಗೆದು ಮತ್ತೆ ಮತ್ತೆ ಪರೀಕ್ಷೆ ಮಾಡಿಸಬೇಕು. ಮಗುವಿಗೆ ಮುಂದೆ ಏನೂ ಆಗುವುದಿಲ್ಲವೆಂದು ಡಾಕ್ಟರು ಮಾತು ಕೊಡಲಿಲ್ಲ. "ಎಲ್ಲಿಂದ ಬಂತು ಅಂತ ಕೇಳ್ತಿದಾರೆ ಅಮ್ಮೀ."

ವಾಹಿದ್ ಸಾಹೇಬರು ಹೆಂಡತಿಯ ಕೈಯಿಂದ ಫೋನು ತೆಗೆದುಕೊಂಡರು. "ನಿಮ್ಮಪ್ಪನ ಕೈಯಿಂದ ಅಂತ ಹೇಳಮ್ಮ," ಎಂದರು.

ಕಸುಬು ಬಲ್ಲವರ ಪೈಕಿ ಕೆಲವರು ಹೀಗೆಯೇ. ಬೆಂಕಿಗೆ ಅಂಜುತ್ತಾರೆ, ನೀರಿನ ಹನಿಗೂ ಅಂಜುತ್ತಾರೆ. ತಮ್ಮ ಕೈಗೆ ಅಂಜುವುದನ್ನು ಮಾತ್ರ ಕಲಿಯುವುದಿಲ್ಲ. ಕಲಿಯುವ ಹೊತ್ತಿಗೆ, ಮನೆಯ ಅತಿ ಚಿಕ್ಕ ಬಾಯಿ ಆ ಕೈ ಬಡಿಸಿದ್ದನ್ನು ನಗುತ್ತ ಉಂಡು ಮುಗಿಸಿರುತ್ತದೆ.