ಫಕೀರವ್ವನ ಮಣ್ಣಿನ ಹೆಪ್ಪು

ಆ ಕಾರ್ತಿಕದಲ್ಲಿ ಖಾನಾಪುರದ ಫಕೀರವ್ವ ಗೆಣಸು ಅಗೆದರೆ ಕೈಗೆ ಬಂದದ್ದು ಬರೀ ಕಪ್ಪು ಕೊಳೆ. ಅವಳು ತವರಿನಿಂದ ಉಡಿಯಲ್ಲಿ ಕಟ್ಟಿಕೊಂಡು ತಂದ ಕೆಂಪು ಗೆಣಸಿನ ತಳಿ ಅದು. ನಲವತ್ತು ವರ್ಷ ಬಳ್ಳಿಯಿಂದ ಬಳ್ಳಿಗೆ ಉಳಿದು ಬಂದಿತ್ತು. ಈಗ ಗಟ್ಟಿಯಾಗಿ ಉಳಿದದ್ದು ಒಂಬತ್ತೇ ಗಡ್ಡೆ. ಅವೂ ಹೋದರೆ ತಳಿಯೇ ಮುಗಿದಂತೆ.

“ಬ್ಯಾಸಗ್ಯಾಗ ಹೊಲ ಎರಡ ಸಲ ಸುಡೂಣು,” ಎಂದಳು ಫಕೀರವ್ವ.

ಭತ್ತದ ಸಸಿ ಎಬ್ಬಿಸುವ ಅಗೆಮಡಿಗೆ ಸೊಪ್ಪುಸದೆ ಹರಡಿ ಬೆಂಕಿ ಹಚ್ಚುವುದು ಆ ಕಡೆಯ ರೂಢಿ. ರೋಗ ಸಾಯಲೆಂದು ಅವಳು ಹೋದ ವರ್ಷ ಗೆಣಸಿನ ಹೊಲವನ್ನೂ ಸುಟ್ಟಿದ್ದಳು. ಸೊಸೆ ಕಾಡವ್ವನಿಗೆ ಒಂದು ಮಾತು ತುಟಿಯವರೆಗೆ ಬಂತು. ನುಂಗಿಕೊಂಡಳು.

ಮಾರನೆಯ ದಿನ ಒಕ್ಕಲುತನದ ಖಾತೆಯ ಮದಾರಸಾಬರು ಬೆಳಗಾವಿಯಿಂದ ರೈಲಿಗೆ ಬಂದರು. ಗಡ್ಡೆ ಮುರಿದು ಮೂಸಿ ನೋಡಿದರು.

“ಇದು ಬೂಷ್ಟಿನ ರೋಗ. ಎಲ್ಲೆರ ಛಲೋ ಗಡ್ಡಿ ಸಿಕ್ಕಾವೇನ್ರಿ, ಫಕೀರವ್ವಾ?”

“ಎಲ್ಲಾ ಕಡೆ ಕೊಳಿನ ರೀ ಸಾಬ್ರ.”

“ಇಲ್ರಿ,” ಎಂದಳು ಕಾಡವ್ವ, ನೆಲ ನೋಡುತ್ತಲೇ. “ಒಂಬತ್ತೂ ಹೊಂಗಿ ಗಿಡದ ಬುಡಕ್ಕ ಸಿಕ್ಕಾವು. ಅಲ್ಲಿ ಬೆಂಕಿ ಹತ್ತಿರಲಿಲ್ಲ. ಎಲಿ ಕೊಳತ ಮಣ್ಣು ಐತಿ.”

ಮದಾರಸಾಬರ ಕಣ್ಣು ಅರಳಿದವು. “ಭಲೇ ತಂಗಿ! ಖರೇ ನೋಡಿದಾಕಿ ನೀನ. ಮಣ್ಣಾಗ ಕಣ್ಣಿಗೆ ಕಾಣದ ಜೀವಿ ಭಾಳ ಇರತಾವ. ಬೂಷ್ಟನ್ನ ತಡಿಯೋ ಒಳ್ಳೇವೂ ಅದರಾಗ ಅದಾವ. ಬೆಂಕಿಗೆ ಅವೂ ಸತ್ತುವು. ಖಾಲಿ ಮನ್ಯಾಗ ಬೂಷ್ಟು ಬಂದು ಕುಂತೈತಿ. ಆ ಹೊಂಗಿ ಬುಡದ ಮಣ್ಣು ಗೊಬ್ಬರದಾಗ ಬೆರಸಿ, ಉಳದ ಗಡ್ಡಿ ಅದರಾಗ ಹಚ್ಚಿ ನೋಡ್ರಿ.”

“ಕಾಣದ್ದನ್ನ ನಂಬಿ ನನ್ನ ತವರಿನ ಗಡ್ಡಿ ಕೊಡಲೇನ್ರಿ?” ಫಕೀರವ್ವ ಸಿಡುಕಿದಳು.

“ಅತ್ತಿ,” ಎಂದಳು ಕಾಡವ್ವ ಮೆಲ್ಲಗೆ, “ನಿಮ್ಮ ಹೆಪ್ಪಿನ್ಯಾಗ ಏನೈತಿ, ಕಾಣತೈತೇನ್ರಿ? ನಾ ಬಂದ ವಾರ ಸುಡೋ ಹಾಲಿಗೆ ಹೆಪ್ಪ ಹಾಕಿದ್ದಕ್ಕ ಕೈಮ್ಯಾಲ ಹೊಡದಿದ್ರಿ. ‘ಹೆಪ್ಪ ಸಾಯತೈತಿ’ ಅಂದಿದ್ರಿ.”

ಇಡೀ ಓಣಿಗೆ ಹೆಪ್ಪು ಹೋಗುತ್ತಿದ್ದದ್ದು ಫಕೀರವ್ವನ ಮನೆಯಿಂದಲೇ. ಅವಳು ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು.

“ಇದಕ್ಕ ಬಾಯಿ ಬಂತು ನೋಡ್ರಿ ಸಾಬ್ರ!” ಎಂದು ನಕ್ಕೇಬಿಟ್ಟಳು. “ಆತು. ಐದು ಗಡ್ಡಿ ನಿಮ್ಮ ಮಣ್ಣಿನ ಹೆಪ್ಪಿಗೆ, ನಾಕು ನನ್ನ ಸುಟ್ಟ ಹೊಲಕ್ಕ.”

ಕೊಳೆತದ್ದನ್ನೆಲ್ಲ ತಿಪ್ಪೆಗೆ ಹಾಕದೆ ದೂರ ಒಯ್ದು ಆಳವಾಗಿ ಹೂತರು. ಕಾಡವ್ವ ಹೊಂಗೆಯ ಬುಡದ ಮಣ್ಣನ್ನು ಪೂರ್ತಿ ಕಳಿತು ಬಿಸಿ ಆರಿದ ಗೊಬ್ಬರದಲ್ಲಿ ಬೆರೆಸಿದಳು. ಹದಿನೈದು ದಿನ ನೆರಳಲ್ಲಿಟ್ಟು ನೀರು ಚಿಮುಕಿಸಿದಳು. ಹೋದ ವರ್ಷ ಗೆಣಸು ಹಾಕದ, ನೀರು ನಿಲ್ಲದ ನೆಲ ಆರಿಸಿ, ಐದು ಗಡ್ಡೆಯಿಂದ ಚಿಗುರಿದ ಬಳ್ಳಿ ನೆಡುವಾಗ ಪ್ರತಿ ಗುಣಿಗೂ ಆ ಮಣ್ಣು ಒಂದು ಬೊಗಸೆ ಹಾಕಿದಳು. ಪಕ್ಕದ ಸುಟ್ಟ ಪಟ್ಟಿಯಲ್ಲಿ ಅತ್ತೆಯ ಬಳ್ಳಿ ಹಬ್ಬಿತು.

ಮುಂದಿನ ಕಾರ್ತಿಕದಲ್ಲಿ ಸುಟ್ಟ ಪಟ್ಟಿ ಅರ್ಧಕ್ಕರ್ಧ ಕೊಳೆತಿತ್ತು. ಕಾಡವ್ವನ ಪಟ್ಟಿಯಲ್ಲಿ ಕೆಟ್ಟ ಗಡ್ಡೆ ಇರಲಿಲ್ಲವೆಂದಲ್ಲ, ಬುಟ್ಟಿಗೊಂದೋ ಎರಡೋ. ಉಳಿದವು ಕೆಂಪಗೆ, ಗಟ್ಟಿಯಾಗಿ ಬಂದವು. ಫಕೀರವ್ವ ಒಂದನ್ನು ಮುರಿದಳು. ಟಕ್ಕೆಂದಿತು. ಅದರ ದೊಡ್ಡ ತುಂಡನ್ನು ಸೊಸೆಯ ಕೈಗಿಟ್ಟಳು.

ಈಗ ನೆರೆಯವರು ಹೆಪ್ಪಿಗೆ ಬಂದರೆ ಅವಳು ಮಣ್ಣಿನ ಮಾತೂ ಹೇಳಿ ಕಳಿಸುತ್ತಾಳೆ: “ನಿಮ್ಮ ಹೊಲದಾಗ ಗಟ್ಟಿ ಗಡ್ಡಿ ಎಲ್ಲಿ ಸಿಕ್ಕಾವ, ಅಲ್ಲಿದ ಮಣ್ಣು ತಗೋರಿ. ನೋಡಾಕ ಬರದಿದ್ರ ನನ್ನ ಸೊಸೀನ್ನ ಕರಕೊಂಡ ಹೋಗ್ರಿ.”

ಅಕ್ಕಂದಿರೇ, ಅಣ್ಣಂದಿರೇ, ಗಡ್ಡೆ ಕೊಳೆಯಿತೆಂದು ಹೊಲಕ್ಕೆ ಬೆಂಕಿ ಹಚ್ಚಬೇಡಿ. ಮೊದಲು ಗಟ್ಟಿ ಗಡ್ಡೆ ಸಿಕ್ಕ ಜಾಗ ಹುಡುಕಿ. ನಿಮ್ಮ ಹೆಪ್ಪು ಅಲ್ಲಿದೆ.