ಕೌದಿಯೊಳಗಿನ ಕೆರೆ

ಹನಿ, ಮತ್ತೊಂದು ಹನಿ, ಕಿಟಕಿಯ ಶಟರಿನ ಸಂದಿಯಿಂದ ಜಾರಿ ಸರಿಯಾಗಿ ಕೌದಿಯ ಕೆಂಪು ತೇಪೆಯ ಮೇಲೇ ಬೀಳಬೇಕೆ, ಇಡೀ ರೈಲುಡಬ್ಬಿಯಲ್ಲಿ ಬೇರೆ ಜಾಗ ಸಿಗಲಿಲ್ಲವೆ ಇದಕ್ಕೆ, ಸೆರಗು ಎಳೆದು ಮುಚ್ಚುತ್ತೇನೆ, ಕೆರೆಯ ತಳದಲ್ಲಿ ಸಾವಿರಾರು ವರ್ಷ ನೀರಿನಡಿಯೇ ಮಲಗಿದ್ದದ್ದು ಈಗ ಒಂದು ಮಳೆಹನಿಗೆ ಹೆದರಬೇಕು ನೋಡು, ನಗು ಬರುತ್ತದೆ, ಕುರ್ಲಾ ಬಿಟ್ಟಿತು ಲೋಕಲ್, ರೈಲು ಮುಷ್ಕರ ಮುಗಿದದ್ದೇ ತಡ ಇಡೀ ಮುಂಬಯಿ ಇದೊಂದೇ ಗಾಡಿಗೆ ಹತ್ತಿದ ಹಾಗಿದೆ, ಯಾರದೋ ಮೊಣಕೈ ನನ್ನ ಕಿವಿಗೆ, ತಿವಿಯಲಿ ಬಿಡು, ಕೌದಿಗೆ ತಾಗದಿದ್ದರೆ ಸಾಕು, ಅದರೊಳಗೆ ಮೊಳದುದ್ದದ ಕಬ್ಬಿಣದ ಕೊಳವೆ, ಉದ್ದಕ್ಕೆ ಸೀಳಿದ್ದು, ಕೊಳವೆಯಲ್ಲಿ ಕೆಸರು, ಕಪ್ಪು ಕೆಸರು, ಕಪ್ಪಿನ ನಡುವೆ ಹೆಬ್ಬೆರಳಿನಗಲದ ಬೂದು ಪಟ್ಟಿ, ಬಿರುಕು ಬಿಟ್ಟ ಪಟ್ಟಿ — ಕಣ್ಣು ಮುಚ್ಚಿದರೂ ಅದೇ ಕಾಣುತ್ತದೆ, ಊಟಕ್ಕೆ ಕೂತರೆ ತಾಟಿನಲ್ಲಿ ಅದೇ — ಬಾಳ ಆಜಾರಿ ಆಹೇ ಕಾ ಗ, ಎದುರಿನ ಭಾಜಿ ಬುಟ್ಟಿಯವಳು ಕೇಳುತ್ತಿದ್ದಾಳೆ, ಕೂಸಿಗೆ ಮೈಯಲ್ಲಿ ಹುಷಾರಿಲ್ಲವೆ ಎಂದು, ನಾನು ಬಾಯಿ ತೆರೆಯುವ ಮೊದಲೇ ಅವ್ವ, ಆರಾಮ ಐತವ್ವಾ, ನಮ್ಮ ಕೂಸು ಭಾಳ ಹಳೀದು, ನಿಮ್ಮಜ್ಜಿ ಮುತ್ತಜ್ಜಿಗಿಂತಾ ಹಳೀದು, ಎಂದಳು, ಕನ್ನಡದಲ್ಲೇ ಎಂದಳು, ಬುಟ್ಟಿಯವಳಿಗೆ ಏನು ತಿಳಿಯಿತೋ, ಅವಳೂ ನಕ್ಕಳು. ಅವ್ವನಿಗೆ ಸೀಟು ಸಿಕ್ಕಿತ್ತು, ಒಲ್ಲೆ ಎಂದು ನನ್ನ ಕಾಲ ಬುಡದಲ್ಲಿ ನೆಲಕ್ಕೆ ಕೂತಿದ್ದಾಳೆ, ಕಾಲು ಚಾಚಿ, ಹಿಮ್ಮಡಿ ಕಾಣುವ ಹಾಗೆ, ಸಿಮೆಂಟು ಕಲಸಿ ಕಲಸಿ ಬಿರಿದ ಹಿಮ್ಮಡಿ.

ಕೆಟ್ಟುಹೋಗಿದೆ ಅಂತ ಹೇಳಿಬಿಡು ನೀಲಾವತಿ, ಬಾಯಿಮಾತು ಸಾಕು — ನಿನ್ನೆ ಡಾಕ್ಟರ್ ಬರ್ವೆ ಚಹಾದ ಕಪ್ಪನ್ನು ನನ್ನತ್ತ ಸರಿಸಿ ಎಷ್ಟು ಮೆತ್ತಗೆ ಹೇಳಿದರು, ನನ್ನ ಸಾಹೇಬರು, ಮೈಕ್ರೋಸ್ಕೋಪಿಗೆ ಕಣ್ಣಿಡುವುದನ್ನು ಕಲಿಸಿದವರು, ಕೂಲಿಗಳು ಪೂಜೆ ಮಾಡಿ ಕೆಸರನ್ನು ಹಾಳು ಮಾಡಿದರು, ನಾಳೆ ಸಂಸ್ಥೆಯ ಸಮಿತಿಯ ಮುಂದೆ ಇಷ್ಟು ಹೇಳು, ನಿನ್ನ ನೌಕರಿ ಉಳಿಯುತ್ತದೆ, ಮುಂದಿನ ವರ್ಷ ಬೇರೆ ಕೆರೆ ಕೊಡಿಸುತ್ತೇನೆ, ಒಳ್ಳೆಯ ಕೆರೆ. ಹೇಳದಿದ್ದರೆ, ಎಂದೆ. ಕನ್ನಡಕ ತೆಗೆದು ಒರೆಸಿದರು, ಹೇಳದಿದ್ದರೆ ಈ ತಿಂಗಳಿಗೆ ಮುಗಿಯಿತು ಅಂದುಕೋ, ಗೋದಾಮೂ ಖಾಲಿ ಮಾಡಿಸುತ್ತಿದ್ದೇವೆ, ಆ ಕೊಳವೆಗಳೆಲ್ಲ ಭಂಗಾರದವನಿಗೆ, ಗುಜರಿಗೆ. ಹಾವೂ ಸಾಯಬಾರದು ಕೋಲೂ ಮುರಿಯಬಾರದು, ಆದರೆ ನೀಲಾವತಿ ಮಾತ್ರ ಸತ್ತರೆ ಅಡ್ಡಿಯಿಲ್ಲ, ಹೌದಲ್ಲ ಸಾಹೇಬರೆ, ಆಮೇಲೆ ಬಾಗಿಲವರೆಗೂ ಬಂದು ಕರುಣೆ ಬೇರೆ ತೋರಿಸಿದರು, ಕೂಲಿಗಳು ಅನ್ನು ಸಾಕು, ನಿನ್ನ ತಾಯಿಯ ಹೆಸರೆತ್ತಬೇಡ, ಪುಣೆಯ ಹಿರಿಯರು ಬಂದಿರುತ್ತಾರೆ, ನಿನಗೇ ಮುಜುಗರ. ಮುಜುಗರ! ನನಗೆ! ಆಂಟಾಪ್ ಹಿಲ್ಲಿನ ನಮ್ಮ ಓಣಿಯಲ್ಲಿ ಹುಡುಗಿಯರು ಹದಿನಾರಕ್ಕೆ ಮದುವೆಯಾಗಿ ಹೋಗುವಾಗ ಇದೇ ಅವ್ವ ತಲೆಯ ಮೇಲಿನ ಬುಟ್ಟಿ ಇಳಿಸದೆ ನನ್ನನ್ನು ಕಾಲೇಜಿನ ಗೇಟಿನವರೆಗೆ ಬಿಟ್ಟುಬಂದವಳು, ಮಣ್ಣು ಹೊರಾಕಿ ಮಗಳು ಓದಿ ಓದಿ ಮತ್ತ ಮಣ್ಣಿಗೇ ಬಂದ್ಳು ಎಂದು ಓಣಿಯವರು ಆಡಿಕೊಂಡಾಗ, ಹೂಂ, ಬಂದ್ಳು, ನಿಮಗೇನ ಹೊಟ್ಟಿಬ್ಯಾನಿ, ಎಂದು ಬೀದಿಯಲ್ಲೇ ಕೇಳಿದವಳು, ಅವಳ ಹೆಸರು ನಾನು ಎತ್ತಬಾರದಂತೆ.

ಸಾಯನ್. ಇಳಿದವರಿಗಿಂತ ಹತ್ತಿದವರೇ ಹೆಚ್ಚು. ಯಾವುದಕ್ಕೆ ಇಷ್ಟೆಲ್ಲ ಅಂದರೆ ಈ ಬೂದು ಪಟ್ಟಿಗೆ, ಈ ಸೀಮೆಯಲ್ಲಿ ಮಳೆ ಎಂದೂ ಕೈಕೊಟ್ಟಿಲ್ಲ, ಕೆರೆ ಎಂದೂ ಬತ್ತಿಲ್ಲ ಎಂದು ಬರ್ವೆಯವರು ಹತ್ತು ಕಡೆ ಬರೆದಿದ್ದಾರೆ, ಹತ್ತು ಕಡೆ ಶಾಲು ಹೊದಿಸಿಕೊಂಡಿದ್ದಾರೆ, ಪಟ್ಟಿ ಬೇರೆಯದೇ ಹೇಳುತ್ತದೆ, ಬತ್ತಿತ್ತು, ತಳ ಬಿಸಿಲಿಗೆ ಬಿರಿದಿತ್ತು, ಸುತ್ತಲಿನ ಕಾಡು ಹೋಗಿ ಬರೀ ಹುಲ್ಲು ಉಳಿದಿತ್ತು, ಹೇಗೆ ಗೊತ್ತು ಎಂದರೆ ಹೂವಿನ ಪುಡಿಯಿಂದ, ಪರಾಗದಿಂದ, ಗಿಡಮರದ ಪುಡಿ ಗಾಳಿಗೆ ಹಾರಿ ನೀರಿಗೆ ಬಿದ್ದು ಕೆಸರಿನಲ್ಲಿ ಕೂರುತ್ತದೆ, ಒಂದರ ಮೇಲೊಂದು ಪದರ, ಕಣ್ಣಿಗೆ ಕಾಣದಷ್ಟು ಸಣ್ಣದು, ಕೊಳೆಯುವುದಿಲ್ಲ, ಮೇಲಿನದು ಹೊಸದು ಕೆಳಗಿನದು ಹಳೆಯದು, ಅವ್ವನಿಗೆ ಒಮ್ಮೆ ಹೇಳಿದ್ದೆ, ತಿಳೀತ ಬಿಡು, ಹಗೇವಿನ್ಯಾಗ ತಳದ ಜ್ವಾಳ ಹಳೇ ಜ್ವಾಳ, ಎಂದಿದ್ದಳು, ಅಷ್ಟೇ, ಇದಕ್ಕಿಂತ ಜಾಸ್ತಿ ಏನೂ ಇಲ್ಲ ನನ್ನ ವಿದ್ಯೆಯಲ್ಲಿ. ಕಪ್ಪು ಕೆಸರಿನಲ್ಲಿ ಮರಗಳ ಪುಡಿ, ಬೂದು ಪಟ್ಟಿಯಲ್ಲಿ ಹುಲ್ಲಿನದು, ಮೇಲೆ ಮತ್ತೆ ಕಪ್ಪು, ಮತ್ತೆ ಮರ, ಎಂದರೆ ಮಳೆ ಹೋಗಿತ್ತು, ಮತ್ತೆ ಬಂತು, ಹೋದದ್ದು ಮತ್ತೂ ಹೋಗಬಹುದು, ಇದನ್ನು ಈ ಊರಿಗೆ ಯಾರಾದರೂ ಹೇಳಬೇಕೋ ಬೇಡವೋ.

ಹೋದ ವರ್ಷ, ಕೊಳವೆ ಇಳಿಸಿದ ಆ ದಿನ, ಪವಯಿಯ ಆಚೆ, ಗುಡ್ಡದ ಬೆನ್ನಿಗಿದ್ದ ಆ ಚಿಕ್ಕ ಕೆರೆ, ಖಾಲಿ ಡ್ರಮ್ಮುಗಳಿಗೆ ಬಿದಿರು ಕಟ್ಟಿದ ತೆಪ್ಪ, ಸಂಸ್ಥೆಯಲ್ಲಿ ಯಂತ್ರವಿಲ್ಲ, ಯಂತ್ರ ಬರುವವರೆಗೆ ಕೆರೆ ಇರುವುದಿಲ್ಲ, ಹೌಸಿಂಗ್ ಸೊಸೈಟಿಯವರು ಆಗಲೇ ಒಂದು ಮೂಲೆಯಿಂದ ಕಲ್ಲುಮಣ್ಣು ಸುರಿಯುತ್ತಿದ್ದರು, ನಾನು ಪೂವಪ್ಪ ಮಾಮನನ್ನು ಕೇಳಿದೆ, ಅವ್ವನ ತಮ್ಮ, ವಿಜಾಪುರದ ಕಡೆಯ ಗ್ಯಾಂಗಿಗೆ ಮುಕಾದಮ, ಕೂಲಿಗಳ ಮೇಸ್ತ್ರಿ, ರವಿವಾರ ಬರ್ತೀವಿ ತಗೋ, ನೀರಿನ ಪೈಪ ಹುಗಿಯೂದು ನಮಗೇನ ಹೊಸಾದ, ಎಂದ, ಬಂದರು, ನಾನು ದಡದಲ್ಲಿ ಹಗ್ಗ ಬಿಗಿಯುತ್ತಿದ್ದೆ, ತಿರುಗಿ ನೋಡಿದರೆ ಅವ್ವ ತೆಪ್ಪದ ನಡುವೆ ನಿಂತಿದ್ದಾಳೆ, ಕೊಳವೆಯ ಮೈಗೆಲ್ಲ ಅರಿಶಿನದ ಭಂಡಾರ, ಚೆಂಡು ಹೂವನ್ನು ತಿಕ್ಕಿ ತಿಕ್ಕಿ ಎಸಳು ಬಿಡಿಸಿ ಕೊಳವೆಯ ಬಾಯೊಳಗೆ ಹಾಕುತ್ತಿದ್ದಾಳೆ, ಅವ್ವಾ ಬ್ಯಾಡ, ಅವ್ವಾ ತಡಿ, ಕೂಗಿದೆ, ಗುಡ್ಡಕ್ಕೆ ಬಡಿದು ನನ್ನ ದನಿ ನನಗೇ ಬಂತು, ಹಾಕಿ ಆಗಿತ್ತು, ಕೇಳದನ ಗಂಗವ್ವನ ಹೊಟ್ಟಿಗಿ ಕೊಳವಿ ಚುಚ್ಚತೀಯೇನ, ನಿನ್ನ ಸಾಯೇಬ ಇಷ್ಟ ಕಲಿಸಿದ್ನೇನ ನಿನಗ, ಎಂದು ನನ್ನನ್ನೇ ಬೈದಳು. ನಮ್ಮವರು ಕೇಳದೆ ನೆಲಕ್ಕೆ ಗುದ್ದಲಿ ಹಾಕುವುದಿಲ್ಲ, ಈ ಊರಿನ ಅಷ್ಟೆತ್ತರದ ಬಿಲ್ಡಿಂಗುಗಳ ಬುಡದಲ್ಲೆಲ್ಲ ಅವ್ವನಂಥವರ ಹೂವು ಬಿದ್ದಿದೆ, ಮೇಲೆ ಇರುವವರಿಗೆ ಗೊತ್ತಿಲ್ಲ ಅಷ್ಟೇ. ಹೈಸಾ ಎಂದು ಮಾಮ ದನಿ ಎತ್ತಿದ, ಕೊಳವೆ ಇಳಿಯಿತು.

ಚೆಂಡು ಹೂವಿನ ಪುಡಿ ಮೈಕ್ರೋಸ್ಕೋಪಿನಡಿ ಮುಳ್ಳಿನ ಉಂಡೆ. ಮೊದಲ ಗಾಜಿನ ಮೇಲೇ ಕಂಡಿತು, ನೂರು ಉಂಡೆ, ಬರ್ವೆಯವರು ಇಣುಕಿ ನೋಡಿ ಎಷ್ಟು ಖುಷಿಯಾದರು ಅಂದರೆ ಪ್ಯೂನನನ್ನು ಕರೆದು ಚಹಾ ತರಿಸಿದರು, ನೋಡಿದೆಯಾ, ಕಳೆದ ವರ್ಷದ ಹೂವು ಸಾವಿರಾರು ವರ್ಷದ ಕೆಸರಿನಲ್ಲಿ, ಮುಗಿಯಿತು ನಿನ್ನ ಕೆರೆ. ಕುಣಿಯಾಕ ಬರದಾಕಿ ನೆಲಾ ಡೊಂಕ ಅಂದ್ಳಂತ — ಇದು ಅವ್ವನ ಮಾತು, ನಾನು ಮನಸ್ಸಿನಲ್ಲೇ ಅಂದುಕೊಂಡೆ, ಅಳುವೂ ಬಂತು, ಹೌದು, ಲ್ಯಾಬಿನ ಮೋರಿಯ ಹತ್ತಿರ ನಿಂತು ಅತ್ತೆ, ಆಮೇಲೆ ಮೂಗು ಒರೆಸಿಕೊಂಡು ಬ್ಲೇಡು ತೆಗೆದುಕೊಂಡೆ, ಕೊಳವೆಗೆ ತಾಗಿದ್ದ ಕೆಸರಿನ ಮೈಯನ್ನು ಸೌತೆಕಾಯಿಯ ಸಿಪ್ಪೆಯ ಹಾಗೆ ಹೆರೆದೆ, ಸಿಪ್ಪೆ ಬೇರೆ ತಿರುಳು ಬೇರೆ, ಸಿಪ್ಪೆಯಲ್ಲಿ ಮುಳ್ಳಿನ ಉಂಡೆಗಳ ಜಾತ್ರೆ, ತಿರುಳಿನಲ್ಲಿ ಒಂದೂ ಇಲ್ಲ, ಇನ್ನೊಂದು ಗಾಜು, ಇಲ್ಲ, ಮತ್ತೊಂದು, ಇಲ್ಲ, ಕಣ್ಣು ಕೆಂಪಾಗುವವರೆಗೆ ನೋಡಿದೆ, ಬೂದು ಪಟ್ಟಿಯ ತಿರುಳಿನಲ್ಲಿ ಒಂದೇ ಒಂದು ಚೆಂಡು ಹೂವಿನ ಪುಡಿ ಇಲ್ಲ. ಚೆಂಡು ಹೂವು ಈ ನೆಲದ್ದೇ ಅಲ್ಲ, ಪರಂಗಿಯವರ ಹಡಗಿನಲ್ಲಿ ಬಂದದ್ದು, ನಮ್ಮ ದೇವರುಗಳಿಗೂ ಹೊಸ ನೆಂಟ, ಹಾಗಾಗಿ ಎಲ್ಲೆಲ್ಲಿ ಅದು ಕಾಣುತ್ತದೋ ಅಲ್ಲಿ ಮೇಲಿನ ಕೊಳೆ ಹೊಕ್ಕಿದೆ, ಎಲ್ಲಿ ಕಾಣುವುದಿಲ್ಲವೋ ಅಲ್ಲಿ ಹೊಕ್ಕಿಲ್ಲ, ಹೊರದೇಶದ ಲ್ಯಾಬುಗಳಲ್ಲಿ ಬೇಕೆಂದೇ ಪರದೇಶಿ ಪುಡಿಯನ್ನು ಗುರುತಿಗೆ ಬೆರೆಸುತ್ತಾರೆ, ನನಗೆ ಅವ್ವ ಪುಕ್ಕಟೆ ಬೆರೆಸಿಕೊಟ್ಟಳು, ಅವಳಿಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ, ಅವಳು ಕೊಟ್ಟದ್ದು ಗಂಗವ್ವನಿಗೆ. ಬರ್ವೆಯವರಿಗೆ ಗಾಜುಗಳನ್ನೆಲ್ಲ ಸಾಲಾಗಿ ಇಟ್ಟು ತೋರಿಸಿದೆ, ನೋಡಲೇ ಇಲ್ಲ, ಪೂಜೆ ಅಂತ ಕೇಳಿದರೆ ವಿಲಾಯತಿಯವರು ನಗುತ್ತಾರೆ, ಎಂದರು. ನಗಲಿ.

ಮಾಟುಂಗಾ ಹೋಯಿತು, ಬಾಗಿಲಿಗೆ ಸರಿಯಬೇಕು ಈಗಲೇ, ಇಲ್ಲದಿದ್ದರೆ ದಾದರಿನಲ್ಲಿ ಇಳಿಯುವುದಕ್ಕಾಗುವುದಿಲ್ಲ, ಅವ್ವಾ ಏಳು, ಹಿಡಿ ಆ ತುದಿ. ಇನ್ನೊಂದು ಕೊಳವೆ ತೆಗೆಯೋಣ ಅಂದರೆ ಕೆರೆಯೇ ಇಲ್ಲ, ತುಂಬಿಸಿಬಿಟ್ಟರು, ತುಂಬಿಸಿದವರೂ ಮಾಮನ ಗ್ಯಾಂಗಿನವರೇ, ಕಡೆಯ ದಿನ ನಾನು ಹೋಗಿ ನಿಂತಿದ್ದೆ, ಅವ್ವ ತಲೆಯ ಮೇಲಿನ ಕಲ್ಲಿನ ಬುಟ್ಟಿಯನ್ನು ಅದೇ ಗಂಗವ್ವನಿಗೆ ಸುರುವಿ, ಹೊಟ್ಟಿಪಾಡು ತಾಯಿ, ಸಿಟ್ಟಾಗಬ್ಯಾಡ, ಎಂದಳು, ನನ್ನ ಕಡೆ ನೋಡಲಿಲ್ಲ, ಈಗ ಅಲ್ಲಿ ಕಂಬ ನಿಂತಿದೆ, ಆ ಕೆರೆ ಅಂತ ಜಗತ್ತಿನಲ್ಲಿ ಉಳಿದಿದ್ದರೆ ಗೋದಾಮಿನ ನಾಲ್ಕು ತುಂಡು ಕೊಳವೆಯಲ್ಲಿ, ಮಾತಾಡುವ ಪಟ್ಟಿ ಇದ್ದರೆ ಈ ಒಂದು ತುಂಡಿನಲ್ಲಿ, ಅದಕ್ಕೇ ಬೆಳಿಗ್ಗೆ ಕುರ್ಲಾದ ಗೋದಾಮಿಗೆ ಹೋಗಿ, ಸಾಹೇಬರು ತರಹೇಳಿದ್ದಾರಾ ಎಂದ ಕಾವಲುಗಾರನಿಗೆ, ಇಲ್ಲ ನಾನೇ ಒಯ್ಯುತ್ತಿದ್ದೇನೆ ಎಂದೆ, ಸುಳ್ಳೇಕೆ ಹೇಳಲಿ, ನನ್ನನ್ನು ಹೆತ್ತವಳು ಹೊದ್ದ ಕೌದಿಯಲ್ಲಿ ಸುತ್ತಿ ತಂದೆ, ಅಂಜಿದವರ ಮೇಲೆ ಕಪ್ಪೆ ಎಸೆಯುವ ಊರು ಇದು, ಅಂಜಬಾರದು, ದಾದರ್, ದಾದರ್, ನೂಕಬೇಡಿ, ಅರೇ ಧಕ್ಕಾ ಮತ್ ದೋ, ಅವ್ವ ಮೊಣಕೈ ಅಗಲಿಸಿ ದಾರಿ ಮಾಡುತ್ತಾಳೆ, ಕೂಸೈತಿ ಸರೀರಿ, ಕೂಸೈತಿ, ಹೆಂಗಸರು ಸರಿಯುತ್ತಾರೆ, ಇಳಿದೆವು.

ಸಂಸ್ಥೆಯ ಮೂರನೆಯ ಮಾಳಿಗೆ, ಉದ್ದನೆಯ ಮೇಜು, ಫ್ಯಾನಿನ ಸದ್ದು, ಅವ್ವ ಹೊರಗೆ ಬೆಂಚಿನ ಮೇಲೆ, ಪುಣೆಯ ಹಿರಿಯರು ಮೇಜಿನ ಆ ತುದಿಗೆ, ಬಿಳಿ ಟೋಪಿ, ಕಲ್ಲುಮಣ್ಣು ಓದುವುದರಲ್ಲೇ ಮುದುಕರಾದವರು, ಬರ್ವೆಯವರು ಎದ್ದು ನಿಂತು ಹೇಳುತ್ತಿದ್ದಾರೆ, ದುರದೃಷ್ಟ, ಅಡಾಣಿ ಕಾಮಗಾರರು, ಓದುಬರಹವಿಲ್ಲದ ಜನ, ಮೂಢನಂಬಿಕೆ, ಈ ಹುಡುಗಿಯ ತಪ್ಪೇನಿಲ್ಲ, ಅವಳೇ ಹೇಳುತ್ತಾಳೆ, ಹೇಳು ನೀಲಾವತಿ, ಯಾರು ಮಾಡಿದ್ದು. ಅವರ ಕಣ್ಣು ಹೇಳು ಹೇಳು ಅನ್ನುತ್ತಿದೆ, ನಾಲಗೆಯ ತುದಿಯಲ್ಲೇ ನೌಕರಿ ಕೂತಿದೆ, ಕೂಲಿಗಳು ಎಂದರೆ ಸಾಕು, ಒಂದೇ ಶಬ್ದ. ನಮ್ಮವ್ವ, ಎಂದೆ. ಮಲ್ಲವ್ವ ಅಂತ ಅವಳ ಹೆಸರು, ಹೊರಗೇ ಇದ್ದಾಳೆ, ಕೆಸರೂ ಹೊರಗೇ ಇದೆ, ಅವ್ವಾ, ಒಳಗ ಬಾ. ಬಂದಳು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹೊಳೆಯುವ ನೆಲದ ಮೇಲೆ ಬರಿಗಾಲಲ್ಲಿ, ಎರಡೂ ಕೈಯಲ್ಲಿ ಕೌದಿ ಹೊತ್ತು, ಮೇಜಿನ ಮೇಲೆ ಇಟ್ಟಳು, ನಾನು ಗಂಟು ಬಿಚ್ಚಿದೆ, ಗಾಜುಗಳನ್ನು ಜೋಡಿಸಿದೆ, ಇದು ಸಿಪ್ಪೆ, ಇದು ತಿರುಳು, ನೀವೇ ನೋಡಿ, ನನ್ನ ಮಾತು ನಂಬಬೇಡಿ. ಹಿರಿಯರು ಒಂದೊಂದೇ ಗಾಜನ್ನು ಮೈಕ್ರೋಸ್ಕೋಪಿಗೆ ಇಡುತ್ತಾರೆ, ಹ್ಞೂಂ, ಮತ್ತೊಂದು, ಹ್ಞೂಂ, ಹೂವಿನ ಮಾತು ಒಪ್ಪಿದೆ, ಎಂದರು, ಬರ್ವೆಯವರ ಮುಖ ಕೆಂಪಾಯಿತು, ಆಯಿತು, ಒಳಗೆ ಹೊಕ್ಕಿಲ್ಲ ಅನ್ನೋಣ, ಆದರೆ ಈ ಬಿರುಕು? ಇದು ಕೆರೆ ಬತ್ತಿದ ಬಿರುಕಲ್ಲ, ಕುರ್ಲಾದ ತಗಡಿನ ಗೋದಾಮಿನಲ್ಲಿ ಬೇಸಿಗೆಗೆ ಒಣಗಿ ಬಿಟ್ಟ ಬಿರುಕು, ಹೋದ ತಿಂಗಳ ಬಿರುಕು, ಅಲ್ಲ ಅಂತ ಹೇಗೆ ಹೇಳುತ್ತೀ.

ಹೇಗೆ ಹೇಳಲಿ, ಇದನ್ನು ನಾನು ಯೋಚಿಸಿರಲಿಲ್ಲ, ಎಲ್ಲರೂ ನನ್ನ ಬಾಯಿ ನೋಡುತ್ತಿದ್ದಾರೆ, ತಲೆ ತಗ್ಗಿಸಿದೆ, ಸೋತು ತಗ್ಗಿಸಿದ್ದಲ್ಲ, ಅವರ ಕಣ್ಣು ತಪ್ಪಿಸಿ ಯೋಚಿಸುವುದಕ್ಕೆ, ನೆಲ, ಹೊಳೆಯುವ ನೆಲ, ನೆಲದ ಮೇಲೆ ಅವ್ವನ ಹಿಮ್ಮಡಿ, ಬೆಳಿಗ್ಗೆ ನನಗಾಗಿ ಕಲ್ಲಿಗೆ ತಿಕ್ಕಿ ತಿಕ್ಕಿ ತೊಳೆದ ಹಿಮ್ಮಡಿ, ಆದರೂ ಬಿರುಕಿನೊಳಗೆ ಬೂದಿ ಬಣ್ಣದ ಸಿಮೆಂಟು, ಹೋಗುವುದಿಲ್ಲ, ಎಷ್ಟು ವರ್ಷದ್ದೋ, ಹೊಸ ಬಿರುಕು ಖಾಲಿ ಇರುತ್ತದೆ, ಹಳೆಯ ಬಿರುಕು ತುಂಬಿರುತ್ತದೆ — ಸರ್, ಎಂದೆ, ಬರ್ವೆಯವರಿಗಲ್ಲ, ಆ ತುದಿಯ ಟೋಪಿಗೆ, ಸರ್, ಬಿರುಕಿನ ಒಳಗೆ ನೋಡಿ, ಗೋದಾಮಿನಲ್ಲಿ ಬಿರಿದಿದ್ದರೆ ಒಳಗೆ ಗಾಳಿ ಇರಬೇಕು, ಏನಿದೆ ನೋಡಿ. ಹಿರಿಯರು ಎದ್ದರು, ಬಂದರು, ಭೂತಗನ್ನಡಿ ಹಿಡಿದು ಕೌದಿಯ ಮೇಲೆ ಬಗ್ಗಿದರು, ನನ್ನ ಕೈಯ ಬ್ಲೇಡು ಇಸಿದುಕೊಂಡು ಪಟ್ಟಿಯನ್ನು ಮೆಲ್ಲಗೆ ಅಡ್ಡ ಕೊಯ್ದರು, ಕೊಯ್ದ ಮುಖ ನನಗೆ ಇಲ್ಲಿಂದಲೇ ಕಾಣುತ್ತಿದೆ, ಬೂದು, ಬೂದಿನಲ್ಲಿ ಬಿರುಕು, ಮೇಲಿನ ಕಪ್ಪು ಕೆಸರು ಬಿರುಕಿನೊಳಗೆ ಇಳಿದು, ತುಂಬಿ, ಗಟ್ಟಿಯಾಗಿ, ಬಿರುಕಿನೊಳಗೆ ಕಪ್ಪು, ಬಿರುಕಿನ ತಳದವರೆಗೂ ಕಪ್ಪು, ಕೆರೆಗೆ ನೀರು ಮರಳಿದಾಗ ತುಂಬಿದ್ದು, ಗೋದಾಮಿನದಲ್ಲ — ಅವ್ವ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾಳೆ, ಬಿರುಕು, ಬಿರುಕು ತುಂಬಿದ ಹಿಮ್ಮಡಿ, ಹಿಮ್ಮಡಿ